ಕಾಗದ ನುಡಿದ ಸಾಕ್ಷ್ಯ

ನಮ್ಮ ವಾಚಕ ವರ್ಗದ ಗೃಹಿಣಿಯೊಬ್ಬರು ಕಳೆದ ತಿಂಗಳು ನಮಗೊಂದು ಪತ್ರವನ್ನು ಬರೆದಿರುವರು. ಅವರ ಮಗನು ಪಾಠದ ಪುಸ್ತಕಗಳನ್ನು ಮೂಲೆಗಿಟ್ಟು ಹಗಲಿರುಳೂ ಪತ್ತೇದಾರಿ ಕಾದಂಬರಿಗಳನ್ನೇ ಓದುತ್ತಿರುವನಂತೆ. ಕೊಲೆ, ವಿಷ, ರಕ್ತ ಇವುಗಳಿಲ್ಲದ ಪುಸ್ತಕವು ಅವನಿಗೆ ರುಚಿಸುವುದೇ ಇಲ್ಲವಂತೆ. ಇಂತಹ ಓದು ಸಂಸಾರಸ್ಥರ ಮನೆಯಲ್ಲಿ ಇರತಕ್ಕದ್ದೇ, ಹಿರಿಯರಾದ ತಾವು ಒಂದು ಮಾತು ಹೇಳಬೇಕು ಎಂದು ಅವರು ಕೇಳಿದ್ದಾರೆ.

ಆ ಬಾಲಕನನ್ನು ಬೈಯಲು ನಮಗೆ ಮನಸ್ಸಿಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ವಿದ್ಯೆಯನ್ನು ನಮ್ಮ ನೈಯಾಯಿಕರು ಅನುಮಾನ ಪ್ರಮಾಣವೆಂದು ಕರೆದು ಅದಕ್ಕಾಗಿ ಗ್ರಂಥರಾಶಿಯನ್ನೇ ಬರೆದಿಟ್ಟರು. ಪತ್ತೇದಾರನು ಮಾಡುವುದೂ ಅದೇ ಕೆಲಸ. ಆದರೆ ರಕ್ತವಿಲ್ಲದೆ ಪತ್ತೇದಾರಿಯಿಲ್ಲವೆಂದು ಆ ಹುಡುಗನು ತಿಳಿದಿದ್ದರೆ ಅದು ತಪ್ಪು. ಪುಸ್ತಕಗಳ ಲೋಕದಲ್ಲಿಯೇ ನಡೆದ, ಒಂದು ತೊಟ್ಟು ರಕ್ತವೂ ಬೀಳದ, ಆದರೂ ಒಬ್ಬ ದೊಡ್ಡ ಮನುಷ್ಯನ ಕೀರ್ತಿಯು ನೆಲಸಮವಾದ ನಿಜವಾದ ವೃತ್ತಾಂತವೊಂದನ್ನು ಈ ತಿಂಗಳು ಹೇಳುವೆವು. ತಾಯಿಯೂ ಮಗನೂ ಕೂಡಿಯೇ ಓದಲಿ. ಇದರಲ್ಲಿ ನಮ್ಮ ತಪ್ಪೊಂದೂ ಸೇರಿಕೊಂಡಿದೆ; ಅದನ್ನು ಕೊನೆಯಲ್ಲಿ ಒಪ್ಪಿಸುವೆವು.

ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಎಂಬ ಆಂಗ್ಲ ಕವಯಿತ್ರಿಯ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆಕೆಯು 1846ರ ಸೆಪ್ಟೆಂಬರಿನಲ್ಲಿ ಕವಿಯಾದ ರಾಬರ್ಟ್ ಬ್ರೌನಿಂಗನನ್ನು ತಂದೆಗೆ ತಿಳಿಯದಂತೆ ವಿವಾಹವಾಗಿ ಇಟಲಿ ದೇಶಕ್ಕೆ ಹೊರಟುಹೋದಳು. ವಿವಾಹಕ್ಕೆ ಮೊದಲು ತನ್ನ ಮನಸ್ಸಿನಲ್ಲಿದ್ದ ಪ್ರೇಮವನ್ನೂ ಭಯವನ್ನೂ ಆಕೆಯು ಗುಟ್ಟಾಗಿ ಪದ್ಯಗಳಲ್ಲಿ ಬರೆದಿಟ್ಟಿದ್ದಳು. ನಮ್ಮವರು ಸುನೀತವೆಂದು ಕರೆಯುವ 14 ಪಂಕ್ತಿಗಳ ಪದ್ಯಗಳು ಅವು. ಬೇರೆ ಭಾಷೆಯಿಂದ ಅನುವಾದಿಸಿದವುಗಳೆಂದು ತೋರುವ ಹಾಗೆ ‘ಪೋರ್ಚುಗೀಸ್ ಭಾಷೆಯಿಂದ ಬಂದ ಸುನೀತಗಳು’ ಎಂಬ ಹೆಸರನ್ನು ಹೊತ್ತು, 1850ರಲ್ಲಿ ಆಕೆಯ ಕವಿತಾ ಸಂಗ್ರಹದೊಳಗೆ ಸೇರಿ ಅವು ಹೊರಬಂದುವು.

ಇದಾಗಿ 40ಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ ಒಂದು ಸೋಜಿಗದ ಸಂಗತಿ ಪ್ರಚಾರಕ್ಕೆ ಬಂದಿತು. ಆ ಪದ್ಯಗಳು 1850ಕ್ಕೆ ಮೊದಲೇ, 1847ರಲ್ಲಿ, ರೆಡಿಂಗ್ ಎಂಬ ಊರಿನಲ್ಲಿ, ಪ್ರಕಟಣೆಗಲ್ಲವೆಂಬ ಸೂಚನೆಯೊಡನೆ ಸಣ್ಣದೊಂದು ಹೊತ್ತಗೆಯಾಗಿ ಅಚ್ಚಾಗಿದ್ದುವೆಂದು ಹೇಳಲಾಯಿತು. ಹೊತ್ತಗೆಯ ಪ್ರತಿಗಳೂ ಒಂದೊಂದಾಗಿ ಕಾಣಿಸಿಕೊಂಡುವು. ಎಡ್ಮಂಡ್ ಗಾಸ್ ಎಂಬ ಪ್ರಸಿದ್ಧ ವಿಮರ್ಶಕನು 1894ರಲ್ಲಿ ಇದಕ್ಕೊಪ್ಪುವ ಕಥೆಯನ್ನೂ ಬರೆದನು. ಅದು ಹೇಗೆಂದರೆ, 1847ರ ಆರಂಭದಲ್ಲಿ ಪೀಸಾ ನಗರದಲ್ಲಿ ಒಂದು ದಿನ ಬೆಳಗಿನ ಉಪಾಹಾರವಾದ ಮೇಲೆ ರಾಬರ್ಟನು ಕಿಟಕಿಯ ಬಳಿ ನಿಂತಿದ್ದನು. ಎಲಿಜಬೆತ್ತಳು ಹಿಂದಿನಿಂದ ಬಂದು, ಅವನು ತಿರುಗಿ ನೋಡದಂತೆ ಹಿಡಿದು, ಕಾಗದದ ಕಟ್ಟೊಂದನ್ನು ಅವನ ಜೇಬಿಗೆ ತುರುಕಿ, ಹಿಡಿಸದಿದ್ದರೆ ಹರಿದುಹಾಕೆಂದು ಹೇಳಿ ತನ್ನ ಕೋಣೆಗೆ ಓಡಿಹೋದಳು. ಆ ಬಳಿಕ ಹಸ್ತಪ್ರತಿಯು ರೆಡಿಂಗಿನ ಸಮೀಪದಲ್ಲಿದ್ದ ಮಿಟ್‌ಫರ್ಡ್ ಎಂಬ ಗೆಳತಿಯ ಕೈಸೇರಿ ಅಚ್ಚಾಯಿತಂತೆ. ಇಷ್ಟು ಮಧುರವಾದ ಕಥೆಯನ್ನು ನಂಬದಿರುವವರಾರು? ಧನಿಕರಾದ ಪುಸ್ತಕ ಸಂಗ್ರಾಹಕರು ಆ ಹೊತ್ತಗೆಗಾಗಿ ದೊಡ್ಡ ದೊಡ್ಡ ಮೊತ್ತಗಳನ್ನು ತೆತ್ತರು.

ಇಂತಹ ಹೊತ್ತಗೆ ಇದೊಂದೇ ಆಗಿರಲಿಲ್ಲ. ಟೆನ್ನಿಸನ್, ಸ್ವಿನ್‌ಬರ್ನ್, ರಸ್ಕಿನ್, ಜಾರ್ಜ್ ಎಲಿಯಟ್ ಮೊದಲಾದ ಹೆಸರಾಂತವರ ಕೃತಿಗಳೂ ಹೀಗೆಯೇ, ಪ್ರಸಿದ್ಧವಾದ ಮೊದಲ ಮುದ್ರಣಕ್ಕಿಂತಲೂ ಹಿಂದಿನ ತಾರೀಖನ್ನು ಹೊತ್ತು, ತೆಳುವಾದ ಹೊತ್ತಗೆಗಳ ರೂಪದಲ್ಲಿ ಹೊರಬಿದ್ದುವು. ಅವೆಲ್ಲವೂ ಅಪ್ಪಟವೆಂದು ಸರ್ಟಿಫಿಕೇಟು ಕೊಡುತ್ತಿದ್ದವನು ಥಾಮಸ್ ಜೇಮ್ಸ್ ವೈಸ್ ಎಂಬಾತನು.

ಈ ವೈಸನು 1859ರಲ್ಲಿ ಹುಟ್ಟಿದವನು. ಲಂಡನ್ನಿನಲ್ಲಿ ಸುಗಂಧ ತೈಲಗಳ ವ್ಯಾಪಾರ ಮಾಡುತ್ತಿದ್ದ ಅಂಗಡಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿ ಸ್ವಂತ ಪರಿಶ್ರಮದಿಂದ ಮೇಲೆ ಬಂದನು. ಹಳೆಯ ಪುಸ್ತಕದ ಅಂಗಡಿಗಳನ್ನು ಶೋಧಿಸುತ್ತ, ತಾನು ವಾಸವಾಗಿದ್ದ ಬೀದಿಯ ಹೆಸರಿನಿಂದ ‘ಆಶ್ಲೆ ಗ್ರಂಥಾಲಯ’ವೆಂಬ ಅಪೂರ್ವ ಸಂಗ್ರಹವನ್ನು ಕಟ್ಟಿದನು. ಅದರ ಸೂಚೀಪಟ್ಟಿಯೇ 11 ಸಂಪುಟಗಳಷ್ಟಾಯಿತು. ಅವನು ಗ್ರಂಥಶಾಸ್ತ್ರಜ್ಞರ ಸಂಘಕ್ಕೆ 1922ರಿಂದ 1924ರ ವರೆಗೆ ಅಧ್ಯಕ್ಷನಾದನು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು ಅವನಿಗೆ ಗೌರವ ಪದವಿಯನ್ನಿತ್ತಿತು. ಪುಸ್ತಕಗಳ ವಿಷಯದಲ್ಲಿ ಅವನ ಮಾತೇ ವೇದವಾಕ್ಯವಾಗಿದ್ದಿತು. ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಅವನು ‘ಆಪ್ತ’ನು, ಅವನ ಮಾತು ಶಬ್ದ ಪ್ರಮಾಣವು.

ಈ ಆಪ್ತನ ಮಾತನ್ನು ಶಂಕಿಸುವ ಧೈರ್ಯವು ಬಂದುದು ಇಬ್ಬರು ತರುಣ ಪುಸ್ತಕ ವ್ಯಾಪಾರಿಗಳಿಗೆ. ಒಬ್ಬನು 1905ರಲ್ಲಿ ಹುಟ್ಟಿದ ಜಾನ್ ಕಾರ್ಟರ್, ಮತ್ತೊಬ್ಬನು 1903ರಲ್ಲಿ ಹುಟ್ಟಿದ ಗ್ರಹಾಂ ಪೊಲ್ಲಾರ್ಡ್. ಇಬ್ಬರಿಗೂ ಆಗ 30ರ ಆಸುಪಾಸಿನ ಪ್ರಾಯ. ಅವರಿಗೆ ಮೊದಲು ತೋರಿದ ಸಂದೇಹವು, ಕಂಡ ವಸ್ತುವಿನಿಂದ ಹುಟ್ಟಿದುದಲ್ಲ, ಕಾಣದ ವಸ್ತುವಿನಿಂದ ಹುಟ್ಟಿದುದು.

ಕವಯಿತ್ರಿಯೊಬ್ಬಳು ತನ್ನ ಪ್ರೇಮಪದ್ಯಗಳನ್ನು ಆಪ್ತರಿಗೆಂದೇ ಅಚ್ಚು ಹಾಕಿಸಿದರೆ ಏನಾಗಬೇಕು? ಗೆಳತಿಯರಿಗೆ ಪ್ರತಿಗಳನ್ನು ಕೊಡಬೇಕು. ಕೊಡುವಾಗ ಇಂಥವರಿಗೆಂದು ಬರೆದು ಸಹಿ ಹಾಕಬೇಕು. ಪಡೆದವರು ತಮ್ಮ ಹೆಸರನ್ನು ಬರೆದುಕೊಳ್ಳಬೇಕು, ರಟ್ಟು ಕಟ್ಟಿಸಬೇಕು, ಪತ್ರಗಳಲ್ಲಿ ಅದರ ಪ್ರಸ್ತಾಪ ಬರಬೇಕು. ಆದರೆ ರೆಡಿಂಗ್ ಹೊತ್ತಗೆಯ ಯಾವ ಪ್ರತಿಯಲ್ಲಿಯೂ ಆಕೆಯ ಅಕ್ಷರವಿಲ್ಲ, ಆ ಕಾಲದವರ ಹೆಸರಿಲ್ಲ, ಹಳೆಯ ಕಟ್ಟಡವಿಲ್ಲ. 1847ರಿಂದ ಸುಮಾರು 40 ವರ್ಷಗಳ ಕಾಲ ಅದನ್ನು ಕಂಡವರೂ ಇಲ್ಲ, ಮಾರಿದವರೂ ಇಲ್ಲ. ಅನಂತರ ಬಂದ ಪ್ರತಿಗಳೆಲ್ಲ ನಿನ್ನೆ ತಾನೇ ಅಚ್ಚುಕೂಟದಿಂದ ಹೊರಟಂತೆ ನಿರ್ಮಲವಾಗಿವೆ. ಉಳಿದ ಶಂಕಿತ ಹೊತ್ತಗೆಗಳ ಸ್ಥಿತಿಯೂ ಹೀಗೆಯೇ.

ನಮ್ಮ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ ಎಂಬುದನ್ನು ಪ್ರತ್ಯೇಕ ಪ್ರಮಾಣವಾಗಿ ಎಣಿಸಿದ್ದಾರೆ. ಕಾಣದಿರುವುದೇ ಒಂದು ತಿಳಿವಳಿಕೆಯನ್ನು ಕೊಡುವುದೆಂದು ಇದರ ಅರ್ಥ. ಆದರೆ ಅವರು ಒಂದು ಕಟ್ಟನ್ನೂ ಹಾಕಿದರು: ಇದ್ದಿದ್ದರೆ ಕಂಡೇ ಕಾಣುತ್ತಿದ್ದಿತು ಎಂಬ ಯೋಗ್ಯತೆಯಿರಬೇಕು. ಕತ್ತಲೆಯಲ್ಲಿ ಕೊಡ ಕಾಣಲಿಲ್ಲವೆಂದರೆ ಕೊಡವಿಲ್ಲವೆಂದು ಆಗದು. ಹಾಡುಹಗಲಿನಲ್ಲಿ ಬರಿಯ ನೆಲದ ಮೇಲೆ ಕಾಣದಿದ್ದರೆ ಅದು ಇಲ್ಲವೇ ಇಲ್ಲ. ಒಂದು ಪ್ರತಿಯಲ್ಲಿ ಸಹಿಯಿಲ್ಲದಿದ್ದರೆ ಅದು ಕತ್ತಲೆಯ ಕೊಡ. ಸಿಕ್ಕ ಪ್ರತಿಗಳೆಲ್ಲದರಲ್ಲಿಯೂ ಇಲ್ಲದಿದ್ದರೆ ಹಗಲಿನ ಕೊಡ.

ಆದರೂ ಇದು ಶಂಕೆಯೇ ಹೊರತು ಸಿದ್ಧಾಂತವಲ್ಲವೆಂದು ತಿಳಿದ ತರುಣರು ಕಾಗದವನ್ನೇ ಸಾಕ್ಷಿಗೆ ಕರೆದರು. ಮೊದಲು ಇಂಗ್ಲೆಂಡಿನಲ್ಲಿ ಕಾಗದವನ್ನು ಚಿಂದಿ ಬಟ್ಟೆಗಳಿಂದ ಮಾಡುತ್ತಿದ್ದರು. ಓದುವವರು ಹೆಚ್ಚಿ ಚಿಂದಿಯು ಸಾಲದೆ ಹೋದಾಗ, 1861ರಿಂದ ಈಚೆಗೆ ಸ್ಪೇನ್ ಮತ್ತು ಉತ್ತರ ಆಫ್ರಿಕದಿಂದ ಬಂದ ಎಸ್ಪಾರ್ಟೊ ಎಂಬ ಹುಲ್ಲನ್ನು ಬಳಸತೊಡಗಿದರು. ಮರವನ್ನು ರಾಸಾಯನಿಕ ದ್ರವಗಳಲ್ಲಿ ಬೇಯಿಸಿ ತೆಗೆದ ತಿರುಳಿನ ಕಾಗದವು ಅದಕ್ಕಿಂತಲೂ ತಡವಾಗಿ, 1874ರ ಸುಮಾರಿಗೆ ಬಂದಿತು. ಸೂಕ್ಷ್ಮದರ್ಶಕದ ಕೆಳಗೆ ಚಿಂದಿಯ ನಾರು, ಹುಲ್ಲಿನ ನಾರು, ಮರದ ನಾರು ಬೇರೆ ಬೇರೆಯಾಗಿ ಕಾಣುವುವು. ರೆಡಿಂಗ್ ಹೊತ್ತಗೆಯ ಕಾಗದದ ಚೂರನ್ನು ಪರೀಕ್ಷಿಸಿದಾಗ ಅದರಲ್ಲಿ ಹೀಗೆ ಬೇಯಿಸಿ ತೆಗೆದ ಮರದ ನಾರು ಕಂಡಿತು! 1847ರ ಪುಸ್ತಕವು, ಅದಾಗಿ ಕಾಲು ಶತಮಾನ ಕಳೆದ ಮೇಲೆ ಹುಟ್ಟಿದ ಕಾಗದದ ಮೇಲೆ ಅಚ್ಚಾಗಿದ್ದಿತು. ಮಗನು ತಂದೆಗಿಂತ ಮೊದಲು ಹುಟ್ಟಲಾರನು.

ಕಾಗದದ ತರುವಾಯ ಅಚ್ಚಿನ ಮೊಳೆಗಳ ಸರದಿ. ಹಳೆಯ ಆಂಗ್ಲ ಮೊಳೆಗಳಲ್ಲಿ ‘ಎಫ್’ ಮತ್ತು ‘ಜೆ’ ಅಕ್ಷರಗಳ ಬಾಗಿದ ತುದಿಗಳು ಮೊಳೆಯ ಮೈಯಿಂದಾಚೆಗೆ ಚಾಚಿಕೊಂಡಿದ್ದು ಬೇಗ ಮುರಿಯುತ್ತಿದ್ದುವು. ಈ ತೊಂದರೆಯನ್ನು ಕಳೆಯಲು ತುದಿಯನ್ನು ಒಳಕ್ಕೆ ಕುಗ್ಗಿಸಿದ ಹೊಸ ಮಾದರಿಯು ಆಮೇಲೆ ಬಂದಿತು. ಶಂಕಿತ ಹೊತ್ತಗೆಗಳಲ್ಲಿ ಹಲವನ್ನು ಜೋಡಿಸಿದ್ದ ಮೊಳೆಯ ವರ್ಗವು 1880ಕ್ಕೆ ಮೊದಲು ಇದ್ದುದಲ್ಲ. ಇಷ್ಟೇ ಅಲ್ಲದೆ, ಆ ಮೊಳೆಗಳ ನಡುವೆ ಪ್ರಶ್ನಾರ್ಥಕ ಚಿಹ್ನೆಯೊಂದು ಬೇರೆ ವರ್ಗದಿಂದ ಬಂದು ಸೇರಿಕೊಂಡಿದ್ದಿತು.

ಪಾಠ ಹೇಳಿದವರಿಗೆ ಈ ಚಿಹ್ನೆಯ ಬೆಲೆ ಥಟ್ಟನೆ ತಿಳಿಯುವುದು. ಪರೀಕ್ಷೆಯಲ್ಲಿ ಇಬ್ಬರು ಹುಡುಗರ ಸರಿಯಾದ ಉತ್ತರಗಳು ಒಂದೇ ಆಗಿದ್ದರೆ ನಾವು ಸಂಶಯಪಡುತ್ತಿರಲಿಲ್ಲ. ಸರಿಯಾದುದು ಎಲ್ಲರಿಗೂ ಒಂದೇ. ಇಬ್ಬರೂ ‘ರಾಮೇಣ’ ಎಂಬುದನ್ನು ಒಂದೇ ಬಗೆಯಾಗಿ ತಪ್ಪು ಬರೆದಿದ್ದರೆ, ಅವರು ಪಕ್ಕಪಕ್ಕದಲ್ಲಿ ಕುಳಿತಿದ್ದರೆಂದು ಹೇಳಲು ಜ್ಯೋತಿಷ್ಯವು ಬೇಕಾಗಿರಲಿಲ್ಲ. ಹಾಗೆಯೇ ಈ ಹೊಂದದ ಚಿಹ್ನೆಯುಳ್ಳ ಮೊಳೆಗಳು ಯಾವ ಅಚ್ಚುಕೂಟದಲ್ಲಿದ್ದುವೋ ಅದೇ ಈ ಹೊತ್ತಗೆಗಳ ತವರು. ಮ್ಯಾಥ್ಯೂ ಆರ್ನಲ್ಡನ ಒಂದು ಪದ್ಯದ ಹಳೆಯ ಮುದ್ರಣವನ್ನು ಹೋಲುವಂತೆ 1893ರಲ್ಲಿ ಬಹಿರಂಗವಾಗಿ ಮಾಡಿಸಿದ ಮರುಮುದ್ರಣವೊಂದರಲ್ಲಿ ಅದೇ ಮೊಳೆ, ಅದೇ ಚಿಹ್ನೆ ಸಿಕ್ಕಿದುವು. ಅದರಲ್ಲಿ ಅಚ್ಚುಕೂಟದ ಹೆಸರಿದ್ದಿತು: ಲಂಡನ್ನಿನ ರಿಚರ್ಡ್ ಕ್ಲೇ ಮತ್ತು ಮಕ್ಕಳು. ಮರುಮುದ್ರಣವನ್ನು ಮಾಡಿಸಿದವನ ಹೆಸರೂ ಇದ್ದಿತು: ಥಾಮಸ್ ಜೇಮ್ಸ್ ವೈಸ್.

ಅಚ್ಚುಕೂಟದವರನ್ನು ದೂರುವಂತಿರಲಿಲ್ಲ. ಹಳೆಯ ಪುಸ್ತಕದ ಪಡಿಯಚ್ಚನ್ನು ಮಾಡುವಾಗ ಮುಖಪುಟದಲ್ಲಿ ಹಳೆಯ ತಾರೀಖೇ ಇರುವುದು ವಾಡಿಕೆ. ಗಿರಾಕಿಯು ಹೇಳಿದಂತೆ ಅವರು ಅಚ್ಚು ಹಾಕಿದರು. ವಂಚನೆಯ ಚಮತ್ಕಾರವು ಇಲ್ಲಿಯೇ ಇದೆ. ಸಾಮಾನ್ಯವಾಗಿ ಕೂಟಲೇಖ್ಯವನ್ನು ಮಾಡುವವನು ಇರುವ ಮೂಲವನ್ನು ಅನುಕರಿಸುವನು; ಎರಡನ್ನೂ ಪಕ್ಕದಲ್ಲಿಟ್ಟರೆ ಬಣ್ಣ ಬಯಲಾಗುವುದು. ಇಲ್ಲಿ ಮೂಲವೇ ಇಲ್ಲ. ಪದ್ಯಗಳು ಸುಳ್ಳಲ್ಲ, ಕವಿಯ ಹೆಸರು ಸುಳ್ಳಲ್ಲ. ತಾರೀಖು ಒಂದು ಮಾತ್ರ ಸುಳ್ಳು.

ಇನ್ನು ಪ್ರತಿಗಳು ಎಲ್ಲಿಂದ ಬಂದುವೆಂದು ನೋಡಿದರೆ, ಹರ್ಬರ್ಟ್ ಗಾರ್ಫಿನ್ ಎಂಬ ಪುಸ್ತಕ ವ್ಯಾಪಾರಿಯ ಬಳಿ ರಾಶಿಯೇ ಇದ್ದಿತು. ಈತನು ಬಾಲ್ಯದಲ್ಲಿ ವೈಸನಿದ್ದ ತೈಲದ ಕಚೇರಿಯಲ್ಲಿಯೇ ಆಳುಹುಡುಗನಾಗಿದ್ದವನು. 1909ರಿಂದ 1911ರ ವರೆಗೆ ವೈಸನಿಂದ ಆ ಹೊತ್ತಗೆಗಳ ಉಳಿಕೆಯನ್ನು, ಅಪ್ಪಟವೆಂದು ನಂಬಿ, ಸ್ವಂತ ಹಣವನ್ನು ಕೊಟ್ಟು ಕೊಂಡಿದ್ದನು. ತರುಣರು ಸತ್ಯವನ್ನು ತಿಳಿಸಿದಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ವಿಷಯವು ಹೊರಬೀಳುವುದೆಂದು ತಿಳಿದ ವೈಸನು, ಇವು ತನ್ನ ಮೂಲಕ ಹ್ಯಾರಿ ಬಕ್ಸ್ಟನ್ ಫಾರ್ಮನ್ ಎಂಬಾತನಿಂದ ಬಂದುವೆಂದು ಹೇಳಬೇಕೆಂದು ಗಾರ್ಫಿನನನ್ನು ಒತ್ತಾಯಿಸಿದನು. ಶೆಲ್ಲಿ, ಕೀಟ್ಸರ ಗ್ರಂಥಗಳನ್ನು ಸಂಪಾದಿಸಿದ್ದ ಆ ಫಾರ್ಮನನು 1917ರಲ್ಲಿಯೇ ತೀರಿಕೊಂಡಿದ್ದನು. ರೆಡಿಂಗ್ ಹೊತ್ತಗೆಯ ಬಗ್ಗೆ ವೈಸನು ಹಿಂದೆ ಹೆಸರಿಸಿದ್ದ ಸಾಕ್ಷಿ ಬೆನೆಟ್ ಎಂಬಾತನೂ 1895ರಲ್ಲಿ ಸತ್ತವನೇ. ಸತ್ತವರ ಸಾಕ್ಷ್ಯಕ್ಕೆ ಪಾಟೀಸವಾಲಿಲ್ಲವಷ್ಟೆ! ಆದರೆ ಗಾರ್ಫಿನನು ಒಪ್ಪಲಿಲ್ಲ. ಆಕ್ಸ್‌ಫರ್ಡಿನ ಗೌರವ ಪದವೀಧರನು ಹೇಳಿಕೊಟ್ಟ ಸುಳ್ಳನ್ನು ಅವನ ಹಳೆಯ ಆಳುಹುಡುಗನು ಹೇಳಲಾರೆನೆಂದನು. ಈ ವೃತ್ತಾಂತದಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದ ಪುರುಷನು ಈತನೇ.

ಕಾರ್ಟರ್ ಮತ್ತು ಪೊಲ್ಲಾರ್ಡರು ತಾವು ಕಂಡುದನ್ನು 1934ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ‘ಹತ್ತೊಂಬತ್ತನೆಯ ಶತಮಾನದ ಕೆಲವು ಹೊತ್ತಗೆಗಳ ಸ್ವರೂಪವನ್ನು ಕುರಿತ ವಿಚಾರಣೆ’ ಎಂಬ, ಕೇಳಿದರೆ ನಿದ್ರೆ ಬರುವ ಹೆಸರು ಅದಕ್ಕೆ. ಸುಮಾರು 50 ಹೊತ್ತಗೆಗಳನ್ನು ಅವರು ಪರೀಕ್ಷೆಗೆ ಒಡ್ಡಿದ್ದರು. ವೈಸನೇ ವಂಚಕನೆಂದು ಅವರು ಎಲ್ಲಿಯೂ ಬಾಯಿಬಿಟ್ಟು ಹೇಳಲಿಲ್ಲ. ಸಾಕ್ಷ್ಯವನ್ನು ಸಾಲಾಗಿ ಇಟ್ಟು, ಅವನು ಸಮಾಧಾನ ಹೇಳಬೇಕೆಂದು ಕೇಳಿ ಸುಮ್ಮನಾದರು. ವೈಸನು ಪತ್ರಿಕೆಗೆ ಒಂದೆರಡು ಕಾಗದಗಳನ್ನು ಬರೆದು, ಫಾರ್ಮನನ ಹೆಸರನ್ನೇ ಹೇಳಿ, ಅನಾರೋಗ್ಯದ ನೆಪದಿಂದ ಮೌನವನ್ನಾಶ್ರಯಿಸಿ, 1937ರಲ್ಲಿ ತೀರಿಕೊಂಡನು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಫಾರ್ಮನನ ಹೆಸರನ್ನು ವೈಸನು ಎತ್ತಿದುದು ಬರಿಯ ನೆಪವೆಂದು ಜನರು ತಿಳಿದಿದ್ದರು. ಆದರೆ ಅವರಿಬ್ಬರ ನಡುವಣ ಕಾಗದ ಪತ್ರಗಳು 1945ರಲ್ಲಿ ಪ್ರಕಟವಾದಾಗ ಫಾರ್ಮನನೂ ನಿಜವಾಗಿಯೇ ಪಾಲುಗಾರನಾಗಿದ್ದನೆಂದು ತಿಳಿಯಿತು. ಟೆನ್ನಿಸನ್ನನ ಹೊತ್ತಗೆಯೊಂದನ್ನು ತಾವು 1896ರಲ್ಲಿ ಅಚ್ಚು ಹಾಕಿಸಿ 1871ರದೆಂದು ನಂಬಿಸಬಯಸಿದ ಸಂಗತಿಯನ್ನು ವೈಸನು ಸ್ವಹಸ್ತದಿಂದಲೇ ಅವನಿಗೆ ಬರೆದಿದ್ದನು. ಇದಕ್ಕಿಂತ ಹೇಯವಾದುದು 1956ರಲ್ಲಿ ಹೊರಬಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿನ ಡೇವಿಡ್ ಫಾಕ್ಸನ್ ಎಂಬ ವಿದ್ವಾಂಸನು, ಅಲ್ಲಿದ್ದ ಹಳೆಯ ನಾಟಕ ಗ್ರಂಥಗಳಿಂದ ಹಾಳೆಗಳನ್ನು ಕಿತ್ತು ವೈಸನು ತನ್ನ ಅಪೂರ್ಣ ಪ್ರತಿಗಳನ್ನು ಪೂರ್ತಿ ಮಾಡಿಕೊಂಡಿದ್ದನೆಂದು ತೋರಿಸಿಕೊಟ್ಟನು. ಕಳವಾದ ಹಾಳೆಗಳು 200ಕ್ಕೂ ಹೆಚ್ಚು. ವೈಸನ ಮರಣಾನಂತರ ಅವನ ಸಂಗ್ರಹವನ್ನು ಅದೇ ಮ್ಯೂಸಿಯಮ್ಮಿನವರು 66,000 ಪೌಂಡುಗಳಿಗೆ ಕೊಂಡಿದ್ದರು. ಎಂದರೆ, ತಮ್ಮ ಮನೆಯಿಂದ ಕಳವಾದ ಸ್ವತ್ತಿನಲ್ಲಿ ಒಂದು ಭಾಗವನ್ನು ಅವರೇ ಹಣ ತೆತ್ತು ಮರಳಿ ಪಡೆದಂತಾಯಿತು.

ಇದು ಪರದೇಶದವರ ಅಧರ್ಮವೆಂದು ನಾವು ಮೂಗೆಳೆಯಬೇಕಾಗಿಲ್ಲ. ಕೂಟಶಾಸನವನ್ನು ಮಾಡುವವನಿಗೆ ವಧದಂಡವನ್ನು ಮನುಸ್ಮೃತಿಯು ವಿಧಿಸಿರುವುದರಿಂದಲೇ ಆ ಕೆಲಸವನ್ನು ಮಾಡುವವರು ನಮ್ಮಲ್ಲಿಯೂ ಇದ್ದರೆಂದು ತಿಳಿಯುತ್ತದೆ. ನಮ್ಮ ಗಂಗರಸರ ತಾಮ್ರಪಟಗಳಲ್ಲಿ ಹಲವು ಕೂಟವೆಂದು ಫ್ಲೀಟರೂ, ಅವುಗಳ ಪರವಾಗಿ ರೈಸರೂ ನಡೆಸಿದ ವಾದವು ಶಾಸನಾಭ್ಯಾಸಿಗಳಿಗೆ ತಿಳಿದೇ ಇದೆ. ಅಲ್ಲಿಯೂ ಪರೀಕ್ಷೆಯು ಇದೇ ಜಾತಿಯದು. ಲಿಪಿಯ ರೂಪವು ಹೇಳಿದ ಶಕವರ್ಷಕ್ಕೆ ಒಪ್ಪುವುದೇ, ತಿಥಿಗೂ ವಾರಕ್ಕೂ ಹೊಂದಿಕೆಯುಂಟೇ ಎಂದು ನೋಡುವುದು.

ಇನ್ನು ನಮ್ಮ ತಪ್ಪೊಪ್ಪಿಗೆ. ಉಪಾಧ್ಯಾಯ ವೃತ್ತಿಯ ಮೊದಲ ವರ್ಷಗಳಲ್ಲಿ ನಾವು ಯಾವುದೋ ಹಳೆಯ ಪುಸ್ತಕದಲ್ಲಿ ಆ ಪೀಸಾ ನಗರದ ಕಥೆಯನ್ನು ಓದಿ ಮರುಳಾಗಿದ್ದೆವು. ದಾಂಪತ್ಯದ ಮಾಧುರ್ಯಕ್ಕೆ ದೃಷ್ಟಾಂತವಾಗಿ ಅದನ್ನು ವರ್ಷ ವರ್ಷವೂ ತರಗತಿಯಲ್ಲಿ ಬಣ್ಣಿಸುತ್ತಿದ್ದೆವು. ಒಂದು ಸಲ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಕಿಟಕಿಯ ಹತ್ತಿರ ಅವರಿಬ್ಬರೇ ಇದ್ದರಲ್ಲ, ಇದು ಬರೆದವರಿಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದಳು. “ದೊಡ್ಡವರು ಬರೆದಿದ್ದಾರೆ, ನೀನು ಕುಳಿತುಕೊಳ್ಳಮ್ಮ” ಎಂದೆವು. ತರಗತಿಯು ನಕ್ಕಿತು. ಅವಳು ಕುಳಿತುಕೊಂಡಳು, ಮತ್ತೆ ಆ ವರ್ಷವೆಲ್ಲ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ರಾಬರ್ಟ್ ಬ್ರೌನಿಂಗನೇ ಬರೆದ ಪತ್ರದಿಂದ ತಿಳಿಯುವುದೇನೆಂದರೆ, ಆ ಪದ್ಯಗಳನ್ನು ಅವನು ಮೊದಲು ಕಂಡುದು 1849ರಲ್ಲಿ, ಲುಕ್ಕಾ ಪ್ರಾಂತದ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ. ಪೀಸಾ ನಗರವೂ ಸುಳ್ಳು, 1847 ಎಂಬುದೂ ಸುಳ್ಳು. ನಾವು ಇದನ್ನು ತಿಳಿದುದು ಆ ಹುಡುಗಿಯು ಶಾಲೆಯನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ವೈಸನು ಕೊಟ್ಟ ತಾರೀಖನ್ನು ಗಾಸನು ನಂಬಿದನು. ಗಾಸನ ಕಥೆಯನ್ನು ಪುಸ್ತಕದವರು ನಂಬಿದರು. ಪುಸ್ತಕವನ್ನು ನಾವು ನಂಬಿದೆವು. ನಮ್ಮನ್ನು ಮಕ್ಕಳು ನಂಬಿದರು. ಈ ಸರಪಳಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವಳು ಅವಳೊಬ್ಬಳು, ಅವಳನ್ನು ಕೂರಿಸಿದವರು ನಾವು. ಶಬ್ದವು ಪ್ರಮಾಣವೆಂದು ಶಾಸ್ತ್ರವು ಹೇಳುವುದು ನಿಜ. ಆದರೆ ಆಪ್ತನ ಶಬ್ದವು ಮಾತ್ರ. ಆಪ್ತನು ಹೌದೋ ಅಲ್ಲವೋ ಎಂದು ವಿಚಾರಿಸುವ ಹಕ್ಕು ಹಿಂದಿನ ಬೆಂಚಿನವರಿಗೂ ಉಂಟು.

ಆದಕಾರಣ ಪತ್ರ ಬರೆದ ತಾಯಿಯವರಿಗೆ ನಮ್ಮ ಬಿನ್ನಹವಿಷ್ಟು. ಹುಡುಗನು ಪತ್ತೇದಾರಿ ಕಥೆಗಳನ್ನು ಓದಲಿ, ಪಾಠವನ್ನು ಬಿಡದಿರಲಿ. ರಜೆಯಲ್ಲಿ ಮನೆಯ ಬೀರುವಿನಲ್ಲಿರುವ ಹಳೆಯ ಪುಸ್ತಕಗಳನ್ನು ಇಳಿಸಿ ಧೂಳು ಕೊಡಹುವ ಕೆಲಸವನ್ನು ಅವನಿಗೆ ವಹಿಸಿರಿ. ಯಾವುದರ ಮೊದಲ ಹಾಳೆಯಲ್ಲಿ ಯಾರ ಹೆಸರಿದೆ, ಯಾವ ತಾರೀಖಿದೆ, ಯಾರು ಯಾರಿಗೆ ಕೊಟ್ಟರು ಎಂದು ಅವನು ಒಂದು ಪಟ್ಟಿ ಮಾಡಲಿ. ಅಜ್ಜನ ಸಹಿ, ಅಜ್ಜಿಯು ಲೆಕ್ಕ ಬರೆದ ಮೂಲೆ, ಅರಿಸಿನದ ಬೆರಳಿನ ಗುರುತು, ಇವುಗಳನ್ನು ಅಂದಗೆಟ್ಟವೆಂದು ಒರಸಬೇಡಿರಿ. ಅಂತಹ ಗುರುತುಗಳು ಇಲ್ಲದುದರಿಂದಲೇ ಆ ಹೊತ್ತಗೆಗಳು ಸಿಕ್ಕಿಬಿದ್ದುವು. ಇನ್ನು ಮುಂದೆ ಮನೆಗೆ ತರುವ ಪುಸ್ತಕಗಳ ಮೇಲೂ ಹೆಸರನ್ನೂ ದಿನವನ್ನೂ ಬರೆಯುವ ಅಭ್ಯಾಸವನ್ನಿಟ್ಟುಕೊಳ್ಳಿರಿ.

ಹಿಂದಿನ ಬೆಂಚಿನ ಆ ಹುಡುಗಿಯು ಈಗ ಯಾವ ಊರಿನಲ್ಲಿ ಮಕ್ಕಳೊಂದಿಗನಾಗಿರುವಳೋ ನಾವರಿಯೆವು. ಈ ಪುಟವು ಅವಳ ಮನೆಗೂ ಹೋಗುತ್ತಿದ್ದರೆ ಅವಳು ಓದಲಿ. ಅಮ್ಮಾ, ನಿನ್ನ ಪ್ರಶ್ನೆಯು ಸರಿಯಾಗಿದ್ದಿತು. ಉತ್ತರವು ನಮಗೆ ತಿಳಿದಿರಲಿಲ್ಲ, ತಿಳಿಯದೆಂದು ಹೇಳಬೇಕಾಗಿದ್ದಿತು.